ಸೆಬಾಹತೆ ಟೀಚರ್ ಅವರ ಲೆಕ್ಕಕ್ಕೆ ಸಿಗದ ಒಂಬತ್ತು ವರ್ಷಗಳು

ಪೇಯಾ ಪಟ್ಟಣದ ಔಷಧಿ ಅಂಗಡಿಗಳಲ್ಲೂ ಆಸ್ಪತ್ರೆಯ ಪ್ರಯೋಗಾಲಯದಲ್ಲೂ ಇಂದು ಇಷ್ಟೊಂದು ಹೆಣ್ಣುಮಕ್ಕಳು ಧೈರ್ಯವಾಗಿ ನಿಂತು ಕೆಲಸ ಮಾಡುತ್ತಿದ್ದಾರೆಂದರೆ, ಅದರ ಶ್ರೇಯಸ್ಸಿನ ಬಹುಪಾಲು ನಮ್ಮ ಪ್ರೌಢಶಾಲೆಯ ರಸಾಯನಶಾಸ್ತ್ರದ ಅಧ್ಯಾಪಕಿ ಶ್ರೀಮತಿ ಸೆಬಾಹತೆ ಮೂಲಾಕು ಅವರಿಗೆ ಸಲ್ಲಬೇಕು. ೧೯೮೩ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸೇವೆಗೆ ಸೇರಿ, ಅರವತ್ತೈದು ತುಂಬಿದ ಈ ವರ್ಷ ನಿವೃತ್ತರಾಗುತ್ತಿರುವ ಅವರ ಮೊದಲ ಸಾಲಿನ ಶಿಷ್ಯೆಯಾಗಿಯೂ, ಇಪ್ಪತ್ತೆರಡು ವರ್ಷಗಳ ಸಹೋದ್ಯೋಗಿಯಾಗಿಯೂ ಈ ಲೇಖನ ಬರೆಯುವ ಭಾಗ್ಯ ನನ್ನದಾಗಿದೆ. ಅಭಿನಂದನ ಗ್ರಂಥದಲ್ಲಿ ಸಿಟ್ಟು ಮಾಡಬಾರದೆಂದು ಸಂಪಾದಕರು ಹೇಳಿದ್ದಾರೆ. ಪ್ರಯತ್ನಿಸುತ್ತೇನೆ.

೧೯೮೯ರ ಮಾರ್ಚ್ ತಿಂಗಳಲ್ಲಿ, ಸಂವಿಧಾನವೇ ನಮ್ಮ ಕೊಸೊವೊ ಪ್ರಾಂತ್ಯಕ್ಕೆ ಕೊಟ್ಟಿದ್ದ ಸ್ವಾಯತ್ತತೆಯನ್ನು ಬೆಲ್‌ಗ್ರೇಡಿನ ಸರ್ಕಾರ ಕಿತ್ತುಕೊಂಡಿತು. ಶಾಸನಸಭೆಯ ಹೊರಗೆ ಟ್ಯಾಂಕುಗಳನ್ನು ನಿಲ್ಲಿಸಿ ಒಳಗಿದ್ದವರ ಕೈ ಎತ್ತಿಸಿದರು, ಅದಕ್ಕೆ ಮತದಾನವೆಂದು ಹೆಸರಿಟ್ಟರು. ಆಮೇಲೆ ರೇಡಿಯೊದಲ್ಲಿ ನಮ್ಮ ಭಾಷೆ ನಿಂತಿತು, ಆಸ್ಪತ್ರೆಯಿಂದ ನಮ್ಮ ವೈದ್ಯರು ಹೊರಬಿದ್ದರು, ಕಾರ್ಖಾನೆಯಿಂದ ನನ್ನ ಅಪ್ಪ. ಶಾಲೆಯಲ್ಲಿ ಬೆಲ್‌ಗ್ರೇಡಿನ ಹೊಸ ಪಠ್ಯಕ್ರಮವನ್ನು ಒಪ್ಪಿರುವುದಾಗಿ ಅಧ್ಯಾಪಕರು ಬರೆದುಕೊಡಬೇಕಿತ್ತು. ಸೆಬಾಹತೆ ಟೀಚರ್ ಆ ಕಾಗದವನ್ನು ಓದಿ, ಮಡಚಿ, ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ತರಗತಿಗೆ ಹೋದರು. ೧೯೯೦ರ ಶರತ್ಕಾಲದಲ್ಲಿ ಅವರನ್ನು ವಜಾ ಮಾಡಲಾಯಿತು. ವಜಾ ಆದ ಮೇಲೂ ಒಂದು ವರ್ಷ ಸಂಬಳವಿಲ್ಲದೆ ಅದೇ ಕೋಣೆಯಲ್ಲಿ ಪಾಠ ಮಾಡಿದರು. ಮರುವರ್ಷ ಗೇಟಿನಲ್ಲಿ ಪೊಲೀಸರು ನಿಂತರು.

ಆಗ ಬಾಗಿಲು ತೆರೆದವರು ವಿಧವೆ ರಾಬೆ ಅಜ್ಜಿ. ಅವರ ಮನೆಯ ಓಡಾ, ಅಂದರೆ ಗಂಡಸರು ಕುಳಿತು ಕಾಫಿ ಕುಡಿಯುತ್ತ ಊರ ನ್ಯಾಯ ತೀರ್ಮಾನಿಸುವ ಅತಿಥಿಕೋಣೆಗೆ, ಹೆಂಗಸರು ತಟ್ಟೆ ಹಿಡಿದು ಬರುತ್ತಿದ್ದರೇ ಹೊರತು ಕೂರುತ್ತಿರಲಿಲ್ಲ. ಅಲ್ಲಿ ಹುಡುಗಿಯರು ಪುಸ್ತಕ ಹಿಡಿದು ಕೂರುವುದೆಂದರೆ ಏನೆಂದು ಅಜ್ಜಿಯ ಭಾವ ರೇಗಾಡಿದರಂತೆ. ಅಜ್ಜಿ ಕೊಟ್ಟ ಉತ್ತರವನ್ನು ಊರು ಇಂದಿಗೂ ಹೇಳಿಕೊಂಡು ನಗುತ್ತದೆ:

"ಭಾವ, ಇಷ್ಟು ವರ್ಷ ನೀವೆಲ್ಲ ಈ ಕೋಣೇಲಿ ಕೂತು ಮಾತಾಡಿ ಏನು ಉಳಿಸ್ಕೊಂಡ್ರಿ? ಶಾಸನಸಭೆ ಹೋಯ್ತು, ಶಾಲೆ ಹೋಯ್ತು. ಇನ್ನು ಹುಡುಗೀರು ಕೂತು ನೋಡ್ಲಿ ಬಿಡಿ."

ಅಲ್ಲಿ ಬೆಂಚಿರಲಿಲ್ಲ, ಗಾಜಿನ ನಳಿಕೆಗಳಿರಲಿಲ್ಲ. ಅಜ್ಜಿಯ ಉಪ್ಪಿನಕಾಯಿ ಜಾಡಿಗಳಲ್ಲಿ ಕೆಂಪು ಎಲೆಕೋಸಿನ ರಸಕ್ಕೆ ವಿನೆಗರ್ ಸುರಿದು ಆಮ್ಲವೆಂದರೇನೆಂದು ಟೀಚರ್ ತೋರಿಸಿದರು. ಕೆಲಸ ಕಳೆದುಕೊಂಡಿದ್ದ ನನ್ನ ಅಪ್ಪ, ದಾರಿಯಲ್ಲಿ ಪೊಲೀಸರಿದ್ದಾರೆ, ಹುಡುಗಿ ಮನೆಯಲ್ಲೇ ಇರಲೆಂದು ನನ್ನ ಓದು ನಿಲ್ಲಿಸಿದಾಗ, ಅವರು ನಾಲ್ಕು ಸಂಜೆ ನಮ್ಮ ಮನೆಗೆ ಬಂದರು. ನಾಲ್ಕು ಸಂಜೆಯೂ ಚಹಾ ಕುಡಿದು ಸೌದೆ, ಹಿಮ, ಬೆನ್ನುನೋವಿನ ಬಗ್ಗೆ ಮಾತನಾಡಿದರೇ ಹೊರತು ಶಾಲೆಯ ಸುದ್ದಿ ಎತ್ತಲಿಲ್ಲ. ಕೊನೆಗೆ ಅಪ್ಪನಿಗೇ ನಾಚಿಕೆಯಾಗಿ, "ಸರಿ ಟೀಚರ್, ನಾಳೆಯಿಂದ ಕಳಿಸ್ತೀನಿ" ಎಂದರು. ನಾನಿಂದು ಏನಾಗಿದ್ದೇನೋ ಅದೆಲ್ಲ ಆ ನಾಲ್ಕು ಸಂಜೆಗಳ ಫಲ.

ಇನ್ನು ಹೇಳಲೇಬೇಕಾದದ್ದು. ಮೂವತ್ತೊಂದು ವರ್ಷ ಇದನ್ನು ನಾನು ನುಂಗಿಕೊಂಡಿದ್ದೇನೆ.

ನಮ್ಮಲ್ಲಿ ಅತಿಥಿಗಳು ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಹೋದರೆ, ಮನೆಯ ಹುಡುಗಿ ಅವನ್ನು ಒರೆಸಿ, ತುದಿ ಬೀದಿಯ ಕಡೆಗೆ ಬರುವಂತೆ ತಿರುಗಿಸಿ ಜೋಡಿಸುತ್ತಾಳೆ. ಹೊರಡುವವರು ಬಗ್ಗಿ ಹುಡುಕದೆ ನೇರವಾಗಿ ಕಾಲಿಡಬೇಕು. ಹಾಗೆ ಮಾಡದ ಮನೆಗೆ ಮರ್ಯಾದೆ ಗೊತ್ತಿಲ್ಲವೆಂದು ಅರ್ಥ. ಮನೆಶಾಲೆಗಳು ಶುರುವಾದ ಮೇಲೆ ಟೀಚರ್ ಒಂದೇ ಒಂದು ನಿಯಮ ಹಾಕಿದ್ದರು: ಬೂಟನ್ನು ಚೀಲದಲ್ಲಿ ಹಾಕಿ ಒಳಗೆ ತರಬೇಕು, ಬಾಗಿಲಲ್ಲಿ ಒಂದೂ ಕಾಣಬಾರದು. ೧೯೯೩ರ ಫೆಬ್ರುವರಿಯ ಒಂದು ಬೆಳಿಗ್ಗೆ ರಾಬೆ ಅಜ್ಜಿ ಜ್ವರದಿಂದ ಮಲಗಿದ್ದರು. ಹಿಮ ಕರಗಿ ಕೆಸರಾಗಿತ್ತು, ಚೀಲಗಳಿಂದ ಅದು ಓಡಾದ ಕೆಂಪು ಜಮಖಾನೆಯ ಮೇಲೆ ಸೋರುತ್ತಿತ್ತು. ನನಗೆ ಹದಿನೈದು ವರ್ಷ. ಟೀಚರ್ ಅಜ್ಜಿಗೆ ಔಷಧಿ ಕುಡಿಸಲು ಒಳಗೆ ಹೋಗಿದ್ದಾಗ ಇಪ್ಪತ್ತೆಂಟು ಜೊತೆ ಬೂಟುಗಳನ್ನೂ ಹೊರಗೆ ಒಯ್ದು, ಒಂದೊಂದನ್ನೂ ಒರೆಸಿ, ಬೀದಿಗೆ ಮುಖ ಮಾಡಿಸಿ ಎರಡು ಸಾಲಾಗಿ ಜೋಡಿಸಿದೆ. ಅಮ್ಮ ಕಲಿಸಿದ್ದನ್ನು ಕೈ ತಾನಾಗಿಯೇ ಮಾಡಿತು.

ಅರ್ಧ ಗಂಟೆಯಲ್ಲಿ ಗಸ್ತಿನ ಪೊಲೀಸರು ಒಳಗಿದ್ದರು. ಬೂಟು ಜೋಡಿಸಿದ್ದು ಯಾರೆಂದು ಅವರಲ್ಲೊಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಟೀಚರ್, "ನಾನೇ. ಮನೆಯವ್ರಿಗೆ ಏನೂ ಗೊತ್ತಿಲ್ಲ" ಎಂದರು. ಆ ಐವತ್ತಾರು ಬೂಟುಗಳನ್ನು ಅವರ ಕೈಯಿಂದಲೇ ಲಾರಿಗೆ ತುಂಬಿಸಿ, ಅವರನ್ನೂ ಹತ್ತಿಸಿಕೊಂಡು ಹೋದರು. ನಾವು ಇಪ್ಪತ್ತೆಂಟು ಮಂದಿ ಕಾಲುಚೀಲದಲ್ಲಿ ಕೆಸರು ತುಳಿಯುತ್ತ ಮನೆಗೆ ನಡೆದೆವು. ಬೀದಿಯ ಬಾಗಿಲುಗಳು ತೆರೆದವು, ಒಬ್ಬೊಬ್ಬರೂ ಮನೆಯಲ್ಲಿದ್ದ ಚಪ್ಪಲಿ, ಗಂಡನ ಬೂಟು, ಸತ್ತ ಮಾವನ ಬೂಟು ತಂದು ನಮ್ಮ ಮುಂದಿಟ್ಟರು.

ಮೂರು ದಿನ ಕಳೆದು ಟೀಚರ್ ಬಂದರು, ಬಲಗೈಯ ಎರಡು ಬೆರಳು ಮುರಿದಿದ್ದವು. ಸೋಮವಾರ ಎಡಗೈಯಲ್ಲಿ ಸೂತ್ರ ಬರೆದರು. ಅದು ಸೊಟ್ಟಗಾದದ್ದು ಕಂಡು ಯಾರೋ ತಡೆಯಲಾರದೆ ನಕ್ಕರು. "ನಗಿ, ನಗಿ. ನಿಮ್ಮ ಬಲಗೈ ಬರಹಕ್ಕಿಂತ ಚೆನ್ನಾಗೇ ಇದೆ" ಎಂದರು. ಆದರೆ ಊರು ನಗಲಿಲ್ಲ. ಇಂಥ ಬುದ್ಧಿಗೇಡಿಯ ಕೈಗೆ ಮಕ್ಕಳನ್ನು ಕೊಟ್ಟೆವಲ್ಲ ಎಂದು ಹೆತ್ತವರು ಅವರ ಮುಖದೆದುರೇ ಆಡಿದರು, ನನ್ನ ಅಪ್ಪನೂ ಆಡಿದರು. ನಾನು ಸುಮ್ಮನೆ ಕೇಳುತ್ತ ನಿಂತಿದ್ದೆ. ವಾರದ ನಂತರ ಅಳುತ್ತ ಹೋಗಿ ಒಪ್ಪಿಕೊಂಡಾಗ ಅವರು, "ಗೊತ್ತು ಕಣೇ, ಅಷ್ಟು ನೀಟಾಗಿ ಜೋಡಿಸೋಳು ಕ್ಲಾಸಲ್ಲಿ ನೀನೊಬ್ಳೇ. ಮರ್ಯಾದೆ ಬಿಡ್ಬೇಡ. ಇನ್ಮೇಲೆ ಒಳಗೆ ತಂದು ತಿರುಗ್ಸು" ಎಂದರು. ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿದರು. ಇಂದು ಆ ಆಣೆಯನ್ನು ಮುರಿಯುತ್ತಿದ್ದೇನೆ. ಅಪರಾಧಿ ನಾನು, ಊರವರೆಲ್ಲ ಓದಲಿ.

೧೯೯೯ರ ವಸಂತದಲ್ಲಿ, ಯುದ್ಧದ ನಡುವೆ ಬೆಲ್‌ಗ್ರೇಡಿನ ಪಡೆಗಳು ಊರಿಗೆ ಬೆಂಕಿಯಿಟ್ಟಾಗ ರಾಬೆ ಅಜ್ಜಿಯ ಮನೆ ಸುಟ್ಟಿತು, ಒಲೆಯ ಹಿಂದೆ ಬಚ್ಚಿಟ್ಟಿದ್ದ ಹಾಜರಿ ಪುಸ್ತಕವೂ ಸುಟ್ಟಿತು. ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲೂ ಪಾಠ ನಿಲ್ಲಿಸದ ಟೀಚರ್, ಆ ಬೇಸಿಗೆಯಲ್ಲಿ ಮರಳಿ ಬಂದು ಶಾಲೆಯ ಬೀಗ ತೆಗೆದವರಲ್ಲಿ ಮೊದಲಿಗರು.

ಈಗ ಶಾಲೆಗೆ ಅವರ ನಿವೃತ್ತಿಯ ಪತ್ರ ಬಂದಿದೆ. ಬೆಲ್‌ಗ್ರೇಡಿನಿಂದಲ್ಲ, ನಮ್ಮದೇ ಭಾಷೆಯಲ್ಲಿ, ನಮ್ಮದೇ ಬಾವುಟದ ಕೆಳಗಿನ ಒಂದು ಕಚೇರಿಯಿಂದ. ಒಟ್ಟು ಸೇವೆ ಮೂವತ್ತೆರಡು ವರ್ಷವಂತೆ. ನಡುವಿನ ಒಂಬತ್ತು ವರ್ಷಕ್ಕೆ ಹಾಜರಿ ಪುಸ್ತಕ, ಶಾಲಾ ಮೊಹರು, ಕಟ್ಟಡದ ಹೆಸರು ಒದಗಿಸಿಲ್ಲವಾದ್ದರಿಂದ ಪರಿಗಣಿಸಲಾಗಿಲ್ಲವಂತೆ. ಊರು ಕೊಳ್ಳೆ ಹೋಗುವಾಗ ಬಾಗಿಲಲ್ಲಿ ನಿಂತವರಿಂದ, ಕೊಳ್ಳೆ ಮುಗಿದ ಮೇಲೆ ಬಂದವರು ರಸೀದಿ ಕೇಳುತ್ತಿದ್ದಾರೆ. ಸಹಿ ಹಾಕಿದ ಅಧಿಕಾರಿಯ ವಯಸ್ಸು ನೋಡಿದರೆ ಅವರೂ ಯಾರದೋ ಮನೆಯ ನೆಲದ ಮೇಲೆ ಕುಳಿತೇ ಓದಿರಬೇಕು. ಅವರ ಆ ವರ್ಷಗಳು ಯಾವ ಮೊಹರಿನಡಿ ಇವೆಯೋ ನಾನು ಕಾಣೆ. ಟೀಚರಿಗೆ ಪತ್ರ ತೋರಿಸಿದಾಗ ಅವರು ಕನ್ನಡಕ ತೆಗೆದು, "ಕಟ್ಟಡದ ಹೆಸರು ಕೇಳಿದ್ದಾರಲ್ಲ, ರಾಬೆ ಅಂತ ಬರೀಲಾ?" ಎಂದರು. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

ಇದೇ ಶನಿವಾರ ಶಾಲೆಯ ಸಭಾಂಗಣದಲ್ಲಿ ಆ ಕಚೇರಿಯವರೇ ಬಂದು ಫಲಕ ಕೊಡುತ್ತಾರೆ. ಅದರ ಮೇಲೆ ಮೂವತ್ತೆರಡು ಎಂದು ಕೆತ್ತಿಸಿಯಾಗಿದೆಯಂತೆ. ಆ ಇಪ್ಪತ್ತೆಂಟು ಮಂದಿಯಲ್ಲಿ ಐವರನ್ನು ಯುದ್ಧ ಕೊಂಡೊಯ್ಯಿತು. ಉಳಿದ ಇಪ್ಪತ್ತಮೂರು ಜನರ ಸಹಿ ಈ ಲೇಖನದ ಕೆಳಗಿದೆ, ಮೊದಲನೆಯದು ನನ್ನದು. ಸಾಕ್ಷಿ ಬೇಕೆಂದವರು ಇದನ್ನು ಸಾಕ್ಷಿಯೆಂದು ತೆಗೆದುಕೊಳ್ಳಲಿ. ವೇದಿಕೆಯಿಂದ ಮೂವತ್ತೆರಡು ಎಂದು ಓದಿದಾಗ ನಾವೆಲ್ಲ ಎದ್ದು ನಿಂತು ನಲವತ್ತೊಂದು ಎನ್ನುತ್ತೇವೆ, ತಿದ್ದಿ ಓದುವವರೆಗೆ ಕೂರುವುದಿಲ್ಲ.

ಪೂಜ್ಯ ಸೆಬಾಹತೆ ಟೀಚರ್ ಅವರ ಎಡಗೈ ಇನ್ನೂ ಬಹುಕಾಲ ಬರೆಯುತ್ತಿರಲಿ, ಮನೆಬಾಗಿಲಿಗೆ ಬರುವ ಮೊಮ್ಮಕ್ಕಳ ವಯಸ್ಸಿನ ಶಿಷ್ಯರಿಗೆ ಅವರ ಬೈಗುಳ ಸಿಗುತ್ತಿರಲಿ. ದೇವರು ಅವರಿಗೆ ತುಂಬಿದ ನೂರು ವರ್ಷ ಕೊಡಲಿ. ಆ ನೂರರಲ್ಲಿ ಒಂಬತ್ತನ್ನು ಕತ್ತರಿಸುವ ಹಕ್ಕು ಯಾವ ಕಚೇರಿಗೂ ಇಲ್ಲ.