ಡಿಕ್ಕಿ ಖಾಲಿ ಮಾಡಿಕೊಂಡು ಬಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಪ್ಪನ ಬಲಗೈ ಮುರಿಯಲು ಕಾರಣ ನಾನು, ಅದರಲ್ಲೂ ನನ್ನ ಗಂಟಲು. ನಮ್ಮ ಮೆಕ್ಯಾನಿಕ್ ಉಸ್ತಾದರ ದನಿಯಲ್ಲಿ ಅಪ್ಪನಿಗೆ ಫೋನು ಮಾಡಿ, ಕಾರು ಸರಿಯಾಗಿದೆ, ಧೈರ್ಯವಾಗಿ ಹೋಗಿಬನ್ನಿ ಎಂದವನು ನಾನೇ. ಆಗ ಅಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಹಿತ್ತಲಿನ ನೀರಿನ ತೊಟ್ಟಿಯ ಹಿಂದೆ ಕುಕ್ಕರಗಾಲಲ್ಲಿದ್ದೆ.

ದನಿ ತೆಗೆಯುವುದು ನನಗೆ ಚಿಕ್ಕಂದಿನ ಚಟ. ದನದ ಡಾಕ್ಟರು, ಬಸ್ ಕಂಡಕ್ಟರು, ಸೊಸೈಟಿ ಸೆಕ್ರೆಟರಿ, ಕೊಬ್ಬರಿ ಮಂಡಿಯ ದಲ್ಲಾಳಿ, ಎಲ್ಲರೂ ಬಾಡಿಗೆ ಕೊಡದೆ ನನ್ನ ಗಂಟಲಲ್ಲಿ ವಾಸವಾಗಿದ್ದರು. ನನ್ನನ್ನೂ ನಾನು ಬಿಟ್ಟವನಲ್ಲ. ಯಾವುದಾದರೂ ಹುಡುಗಿ ಮಾತಾಡಿಸಿದರೆ ನಾನು ಹೇಗೆ ತೊದಲುತ್ತೇನೆ ಎಂಬುದನ್ನು ಟೀ ಅಂಗಡಿಯಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ತಿಪಟೂರಿನ ಉಸ್ತಾದರು. ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು, "ಯಜಮಾನ್ರೇ, ಒಂದ್ ಮಾತು" ಎಂದು ಶುರುಮಾಡುವುದು, ನಟ್ಟು ಬಿಗಿಯುವಾಗ ಮಾತಿನ ನಡುವೆ ಉಸಿರು ಕಟ್ಟುವುದು. ಅವರ ಎದುರೇ ಮಾಡಿದರೆ ಅವರೂ ನಗುತ್ತಿದ್ದರು. "ಅಂಗ್ಡೀಲಿ ನೀನೇ ಕೂತ್ಕೊಳಪ್ಪ, ನಾನ್ ಮನೆಗ್ ಹೋಗಿ ಮಲಿಕ್ಕತೀನಿ" ಅನ್ನುತ್ತಿದ್ದರು.

ಇನ್ನು ಕಾರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ತನ್ನ ಕಾಲದಲ್ಲಿ ಓಟಕ್ಕೆ ಹೆಸರಾಗಿದ್ದ ಪೆಟ್ರೋಲ್ ಗಾಡಿ. ನಾನು ಅದರ ನಾಲ್ಕನೆಯ ಯಜಮಾನ. ನಮ್ಮ ಸೀಮೆಗೆ ಬಂದ ಮೇಲೆ ಯಾವ ವಾಹನಕ್ಕೂ ಹಿಂದಿನ ಗತ್ತು ಉಳಿಯುವುದಿಲ್ಲ. ಡಿಕ್ಕಿ ಅಂತ ಒಂದಿದ್ದರೆ ಸಾಕು, ವಾರದೊಳಗೆ ಅದರಲ್ಲಿ ತೆಂಗಿನಕಾಯಿ ತುಂಬಿರುತ್ತದೆ. ತೋಟದಿಂದ ಮನೆಗೆ, ಮನೆಯಿಂದ ನೆಂಟರಿಗೆ ಕಾಯಿ ಹೊತ್ತು ಹೊತ್ತು ಅದರ ಹಿಂಭಾಗ ಕುಸಿದುಹೋಗಿತ್ತು. ಹಂಪು ಹತ್ತಿಸಿದರೆ ಹೊಟ್ಟೆ ಉಜ್ಜುತ್ತಿತ್ತು.

"ನಿನ್ ರೇಸ್ ಗಾಡಿ ಮೊಟ್ಟೆ ಇಡೋ ಕೋಳಿ ಕುಂತಂಗ್ ಕುಂತದಲ್ಲೋ" ಎಂದರು ಅಪ್ಪ. ಊರನ್ನೆಲ್ಲ ಅಣಕಿಸುವ ನನಗೆ ಆ ಒಂದು ಮಾತು ತಡೆಯಲಾಗಲಿಲ್ಲ. ಹಿಂದಿನ ಎರಡು ಚಕ್ರಕ್ಕೂ ಗಟ್ಟಿ ಸ್ಪ್ರಿಂಗು, ಬಿಗಿಯನ್ನು ಹೆಚ್ಚುಕಡಿಮೆ ಮಾಡಬಹುದಾದ ಶಾಕ್ ಅಬ್ಸಾರ್ಬರು, ರೇಸಿನವರು ಹಾಕಿಸುವಂಥದ್ದನ್ನೇ ತರಿಸಿದೆ.

ಉಸ್ತಾದರು ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ನೋಡಿದರು. "ಇದು ನಮ್ ರೋಡಿಗಲ್ಲ ಕಣಪ್ಪ. ಹಾಕು ಅಂದ್ರೆ ಹಾಕ್ತೀನಿ."

ಹಾಕಿದರು. ಒಂದು ಮಧ್ಯಾಹ್ನವಿಡೀ ಹಿಡಿಯಿತು. ಜಾಕಿನಿಂದ ಇಳಿಸಿದಾಗ ಕಾರು ಹಿಂದೆ ಮುಂದೆ ಸಮನಾಗಿ, ಗೆರೆ ಎಳೆದ ಹಾಗೆ ನಿಂತಿತು. ನಾನು ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆದೆ. ಸಾಮಾನು ಎತ್ತಿಡಲು ಡಿಕ್ಕಿ ತೆಗೆದ ಉಸ್ತಾದರು ಹಾಗೇ ನಿಂತುಬಿಟ್ಟರು. ಒಳಗೆ ಎರಡು ಚೀಲ ಸುಲಿದ ಕಾಯಿ. ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಆದರೆ ನಮ್ಮ ಕಡೆ ಡಿಕ್ಕಿಯ ಕಾಯಿ ಸ್ಟೆಪ್ನಿ ಇದ್ದ ಹಾಗೆ. ಅದೂ ಒಂದು ಭಾರ ಅಂತ ಯಾರಿಗೂ ಹೊಳೆಯುವುದಿಲ್ಲ. ಮೂವತ್ತು ವರ್ಷದ ಕಸುಬಿನ ಅವರಿಗೂ ಅವತ್ತು ಹೊಳೆದಿರಲಿಲ್ಲ.

"ಲೇ, ಇಷ್ಟೊತ್ತೂ ನಾನ್ ಅಳತೆ ಇಟ್ಟಿದ್ದು ಕಾರಿಗೋ ಕಾಯಿಗೋ? ಚೀಲ ಇಳಿಸ್ತಿದ್ದಂಗೇ ಹಿಂದ್ಗಡೆ ಎದ್ ಕುತ್ಕತದೆ, ಹಳ್ಳ ಸಿಕ್ರೆ ಎಗರ್ತದೆ. ನಾಳೆ ಡಿಕ್ಕಿ ಖಾಲಿ ಮಾಡ್ಕೊಂಡ್ ಬಾ, ಎತ್ತರಾನೂ ಬಿಗೀನೂ ತಿರ್ಗಾ ಸೆಟ್ ಮಾಡ್ತೀನಿ. ಅಲ್ಲೀಗಂಟ ಯಾರ್ಗೂ ಓಡ್ಸಕ್ ಕೊಡ್ಬೇಡ."

ದಾರಿಯುದ್ದಕ್ಕೂ ಆ ಮಾತನ್ನು ಅವರದೇ ದನಿಯಲ್ಲಿ ಒಪ್ಪಿಸುತ್ತಾ, ನಗುತ್ತಾ ಮನೆಗೆ ಬಂದೆ. ಮಾತು ಬಾಯಿಪಾಠವಾಯಿತು. ಕಿವಿಯೊಳಗೆ ಮಾತ್ರ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಸಂಪಿಗೆ ಎಂಬ ಊರಿಗೆ ಹೊರಟರು. ದೇವಸ್ಥಾನದಲ್ಲಿ ನೆಂಟರ ಮಗುವಿನ ಮುಡಿ ತೆಗೆಸುವುದಿತ್ತು. "ಗಾಡಿ ಆಗದಾ? ತಗಂಡೋಗ್ಬೌದಾ?" ಎಂದು ಕೇಳಿದರು. ಆಗಿದೆ ಎಂದೆ. "ನೀನ್ ಹೇಳೋದ್ ಬೇಡ. ಉಸ್ತಾದ್ ಬಾಯಲ್ಲಿ ಬರ್ಲಿ."

ಕೋಳಿ ಎಂದವರು ಅದೇ ಕಾರಿನಲ್ಲಿ ನೆಂಟರ ಮುಂದೆ ಹೋಗಿ ಇಳಿಯಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಅಪ್ಪನಿಗೆ ಗೊತ್ತಿಲ್ಲದ ಎರಡನೆಯ ಸಿಮ್ಮು ನನ್ನ ಹತ್ತಿರ ಇತ್ತು. ಯಾಕಿತ್ತು ಎಂಬುದು ಈ ಕಥೆಗೆ ಬೇಡ. ಅವರಿಂದಲೇ ಫೋನು ಮಾಡಿಸುತ್ತೇನೆ ಎಂದು ಹಿತ್ತಲಿಗೆ ಹೋಗಿ, ತೊಟ್ಟಿಯ ಹಿಂದೆ ಕೂತು ಎರಡು ಸಲ ಕೆಮ್ಮಿದೆ.

"ಯಜಮಾನ್ರೇ, ಒಂದ್ ಮಾತು. ಹಿಂದಿನ್ ಕೆಲ್ಸ ಪಕ್ಕಾ ಆಗದೆ. ಧೈರ್ಯವಾಗ್ ಹೋಗ್ಬನ್ನಿ."

"ಆಯ್ತು ಭಾಯ್. ನೀವ್ ಹೇಳುದ್ ಮೇಲೆ ಮುಗೀತು."

ನಗು ತಡೆಯಲಾರದೆ ನಾನು ಟವೆಲ್ ಕಚ್ಚಿಕೊಂಡೆ. ಈಚೆ ಬಂದು ನೋಡಿದರೆ, ಶುಭಕಾರ್ಯಕ್ಕೆ ಹೋಗುವ ಗಾಡಿ ಎಂದು ಅಪ್ಪ ಎರಡೂ ಚೀಲ ಇಳಿಸಿ ಡಿಕ್ಕಿ ಗುಡಿಸುತ್ತಿದ್ದರು. ಕಾರಿನ ಹಿಂಭಾಗ ನನ್ನ ಕಣ್ಣೆದುರೇ ಮೇಲೆದ್ದಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಹತ್ತು ಜನರ ಬಾಯಿ ಇದ್ದವನು ಸುಮ್ಮನೆ ಗೇಟು ತೆಗೆದೆ.

ಕೆರೆ ಏರಿಯ ತಿರುವಿನಲ್ಲಿ, ಡಾಂಬರು ಕಿತ್ತುಹೋದ ಜಾಗದಲ್ಲಿ, ಕಾರಿನ ಹಿಂಭಾಗ ಎಗರಿ ಪಕ್ಕಕ್ಕೆ ಜಾರಿ ಹುಣಸೆಮರಕ್ಕೆ ಬಡಿಯಿತು. ಮರ ಇಲ್ಲದಿದ್ದರೆ ಕೆರೆ. ಅಪ್ಪನಿಗೆ ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. "ಹಿಂದಿಂದ ಯಾರೋ ಎತ್ತಿ ಪಕ್ಕಕ್ ಇಟ್ಟಂಗಾಯ್ತು ಕಣೋ" ಎಂದು ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು.

ಪ್ಲಾಸ್ಟರ್ ಹಾಕಿದ ಕೈಯಲ್ಲೇ ನೇರ ಉಸ್ತಾದರ ಅಂಗಡಿಗೆ ಹೋದರು. ಬೈಕಿನಲ್ಲಿ ಕರೆದುಕೊಂಡು ಹೋದವನೂ ನಾನೇ. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು.

"ಪಕ್ಕಾ ಆಗದೆ ಅಂದ್ರಲ್ಲಾ ಭಾಯ್, ನೋಡಿ ನಿಮ್ ಪಕ್ಕಾ ಕೆಲ್ಸಾನ!"

"ನಾನ್ ಫೋನೇ ಮಾಡಿಲ್ಲ ಯಜಮಾನ್ರೇ."

"ನಿಮ್ ದನಿ ನಂಗ್ ಗೊತ್ತಿಲ್ವಾ? ಕೆಲ್ಸಾನೂ ಕೆಡುಸ್ತೀರಿ, ಸುಳ್ಳೂ ಹೇಳ್ತೀರಾ?"

ಉಸ್ತಾದರು ಅಪ್ಪನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಗೊತ್ತಾಯಿತು ಅವರಿಗೆ. ನಾನು ಬೈಕಿನ ಕೀಲಿ ನೋಡಿಕೊಂಡೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಕೈ ಒರೆಸಿಕೊಂಡು ಒಳಗೆ ಹೋದರು.

ಆಮೇಲೆ ಹತ್ತು ದಿನ ಕಳೆಯಿತು. ಅಪ್ಪನ ಕೈ ನೋಡಲು ಬಂದವರಿಗೆಲ್ಲ ಅದೇ ಕಥೆ. ದಂಡಿನಶಿವರದ ನೆಂಟರಿಗೆ, ಹಾಲಿನ ಡೇರಿಯವರಿಗೆ, ಕಾಯಿ ಸುಲಿಯಲು ಬಂದವರಿಗೆ. "ಆವಯ್ಯನ್ ಮಾತ್ ನಂಬಿ ಕೆಟ್ಟೆ" ಎನ್ನುವುದು ಅದರ ಕೊನೆಯ ಸಾಲು. ಉಸ್ತಾದರ ಹತ್ತಿರ ಇದ್ದ ಆಸ್ತಿಯೇ ಮಾತು. ಅವರು ಓಡಿಸು ಎಂದರೆ ಜನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತಿದ್ದರು. ಒಂದು ಬೆಳಿಗ್ಗೆ ಆ ಬೀದಿಯಲ್ಲಿ ಹೋಗುವಾಗ ಅವರು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಹತ್ತು ಗಂಟೆಗೆ ಅವರು ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಂಗಡಿಯ ಮುಂದೆ ಒಂದು ಕಾರೂ ಇರಲಿಲ್ಲ. ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೊರಟುಬಿಟ್ಟೆ.

ಸಂಜೆ ಟೀ ಅಂಗಡಿಯಲ್ಲಿ ಗೆಳೆಯರು, "ಲೇ, ಉಸ್ತಾದ್ ಮಾಡ್ಲಾ, ಅಪ್ಪ ಬೈದಾಗ ಏನಂದ್ರು ಮಾಡ್ಲಾ" ಎಂದರು. ಕೆಮ್ಮಿದೆ. ಇನ್ನೊಂದು ಸಲ ಕೆಮ್ಮಿದೆ. ಮುಂದಕ್ಕೆ ಹೋಗಲಿಲ್ಲ. "ಶೀತ ಆಗದೆ, ಬುಡ್ರಲಾ" ಎಂದು ಎದ್ದು ಬಂದೆ.

ಕೈ ಮುರಿದ ಮೇಲೆ ಅಪ್ಪನಿಗೆ ಗಡ್ಡ ಹೆರೆಯುವ ಕೆಲಸ ನನ್ನದಾಗಿತ್ತು. ಹನ್ನೊಂದನೆಯ ದಿನ ಜಗಲಿಯಲ್ಲಿ ಕೂರಿಸಿ ನೊರೆ ಹಚ್ಚಿದೆ. ಒಂದು ಕೆನ್ನೆ ಮುಗಿದಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಇವತ್ ಮಂಡಿಗೆ ಹೋಯ್ತೀನಿ. ಅಲ್ಲೂ ಒಂದ್ ನಾಕ್ ಜನಕ್ ಹೇಳಿದ್ರೆ ಆವಯ್ಯ ಅಂಗ್ಡಿ ಬಾಗ್ಲು ಹಾಕ್ಕಬೇಕು" ಎಂದರು.

ಬ್ಲೇಡು ಕೆಳಗಿಟ್ಟೆ. ಹೇಗೆ ಹೇಳುವುದೆಂದು ತಿಳಿಯದೆ, ತಿಳಿದಿದ್ದ ಒಂದೇ ರೀತಿಯಲ್ಲಿ ಹೇಳಿದೆ. ಎರಡು ಸಲ ಕೆಮ್ಮಿ, "ಯಜಮಾನ್ರೇ, ಒಂದ್ ಮಾತು. ಹಿಂದಿನ್ ಕೆಲ್ಸ ಪಕ್ಕಾ ಆಗದೆ..."

ಅಪ್ಪ ಕಣ್ಣು ತೆರೆದು ಮೊದಲು ನೋಡಿದ್ದು ಗೇಟಿನ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು. ಹೊಡೆಯುತ್ತಾರೆ ಎಂದು ಕಾದೆ, ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಎಡಗೈಯಿಂದ ಉಳಿದ ನೊರೆ ಒರೆಸಿಕೊಂಡು, "ನಡಿ" ಎಂದರು.

ಅರ್ಧ ಗಡ್ಡದಲ್ಲೇ ತಿಪಟೂರಿಗೆ ಬಂದರು. ಪಕ್ಕದ ಟೈರಿನಂಗಡಿಯವರು, ಎದುರಿನ ಟೈಲರು, ಎಲ್ಲರೂ ನೋಡುತ್ತಿದ್ದಂತೆ ಉಸ್ತಾದರ ಮುಂದೆ ನಿಂತರು.

"ಭಾಯ್, ಅವತ್ ಫೋನ್ ಮಾಡಿದ್ದು ಇವ್ನು. ನಿಮ್ಗೆ ಸುಳ್ಳ ಅಂದ್ಬುಟ್ಟೆ. ನಾನ್ ಎಲ್ಲೆಲ್ಲಿ ನಿಮ್ ಮೇಲೆ ಹೇಳಿದ್ನೋ ಅಲ್ಲೆಲ್ಲಾ ನಾನೇ ಹೋಗಿ ತಿರ್ಗಾ ಹೇಳ್ ಬತ್ತೀನಿ."

ಉಸ್ತಾದರು ಸ್ಟೂಲು ಎಳೆದು ಅಪ್ಪನನ್ನು ಕೂರಿಸಿದರು. "ಕೈ ಹೆಂಗದೆ ಯಜಮಾನ್ರೇ? ನೋವದಾ?" ಎಂದರು. ನನ್ನ ಕಡೆ ನೋಡಲಿಲ್ಲ.

ನಾನು ತಪ್ಪಾಯಿತು ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ನನ್ನ ಬಾಯಿ ಎಂದಾದರೂ ಅಷ್ಟಕ್ಕೇ ನಿಂತದ್ದುಂಟೇ? "ಅಲ್ಲಾ ಉಸ್ತಾದ್, ನಾನೇ ಮಾಡಿದ್ದು ಅಂತ ಅವತ್ತೇ ಗೊತ್ತಾಯ್ತಲ್ಲ ನಿಮ್ಗೆ. ಅಲ್ಲೇ ಹೇಳ್ಬುಡಬೌದಿತ್ತಲ್ಲ?"

ಉಸ್ತಾದರು ಆಗ ನನ್ನನ್ನು ನೋಡಿದರು.

"ಅವತ್ತು ನನ್ ದನಿ ನಿನ್ನತ್ರ ಇತ್ತಲ್ಲಪ್ಪಾ. ಇನ್ಯಾವ ದನೀಲಿ ಹೇಳ್ಲಿ ನಾನು?"