ಅತ್ತೆಗೆ ಕೇಳದೆ ಹೋದದ್ದು

ನಮ್ಮ ಸೋದರತ್ತೆ ರಾಮದುರ್ಗದಲ್ಲಿ ಕೈಮಗ್ಗದ ಸೀರೆ ನೇಯುತ್ತಿದ್ದಳು. ರಜೆಗೆ ಬೈಲಹೊಂಗಲದಿಂದ ಯರಗಟ್ಟಿ ಮೇಲೆ ಹಾಯ್ದು ಅವಳ ಮನೆಗೆ ಹೋದರೆ ಮಾತೇ ಮಾತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಓಡಿಸುತ್ತಲೇ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನಗು ತಡೆಯಲಾರದೆ ನಡುನಡುವೆ ನೇಯುವುದನ್ನೇ ನಿಲ್ಲಿಸಿಬಿಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಊರಲ್ಲಿ ವಿದ್ಯುತ್ ಮಗ್ಗಗಳು ಹೆಚ್ಚಿದವು. ಅಗ್ಗದ ಸೀರೆ ಸಿಗುವಾಗ ಅವಳ ಸೀರೆ ಕೇಳುವವರು ಕಡಿಮೆಯಾದರು. ಮಾವ ತೀರಿಕೊಂಡ ಮೇಲೆ ಅವಳು ಮಗ್ಗ ಬಿಚ್ಚಿಸಿ, ಪಕ್ಕದ ಓಣಿಯ ವಿದ್ಯುತ್ ಮಗ್ಗದ ಶೆಡ್ಡಿಗೆ ಕೂಲಿಗೆ ಹೋದಳು. ಒಮ್ಮೆ ಅವಳನ್ನು ನೋಡಲು ಅಲ್ಲಿಗೇ ಹೋದೆ. ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಅತ್ತೆ ಸನ್ನೆ ಮಾಡಿ ನನ್ನನ್ನು ಹೊರಗೆ ಕರೆತಂದಳು.

“ಕಿವ್ಯಾಗ ಹತ್ತಿ ಇಟ್ಕೋ ಅತ್ತಿ,” ಎಂದೆ.

“ಇಟ್ಕೊಂಡ್ರ ಮಗ್ಗದ ಸಪ್ಪಳಾ ತಪ್ಪಿದ್ದು ಹೆಂಗ ತಿಳೀಬೇಕವಾ?” ಎಂದು ನಕ್ಕು ಒಳಗೆ ಹೋದಳು.

ಕೆಲವು ವರ್ಷಗಳಲ್ಲಿ ಅವಳ ಕಿವಿ ಪೂರ್ತಿ ಹೋಯಿತು. ಅಪ್ಪ ತೀರಿಕೊಂಡ ವರ್ಷ ಮತ್ತೆ ಹೋದೆ. ಅವನ ಬಾಲ್ಯ ಕಂಡವರಲ್ಲಿ ಅತ್ತೆಯೊಬ್ಬಳೇ ಉಳಿದಿದ್ದಳು.

“ಅತ್ತಿ, ಅಪ್ಪ ಸಣ್ಣಂವ ಇದ್ದಾಗ ಹೆಂಗಿದ್ದ?” ಎಂದು ಅವಳ ಕಿವಿಯ ಹತ್ತಿರ ಕೂಗಿ ಕೇಳಿದೆ.

“ರೊಟ್ಟಿ ಅದಾವ, ಪಲ್ಯಾನೂ ಐತಿ. ಉಣ್ಣೇಳವಾ.”

ಇನ್ನೊಮ್ಮೆ ಕೂಗಿದೆ. ಅವಳು ನನ್ನ ಬಾಯನ್ನೇ ನೋಡಿ, ತಿಳಿಯದೆ, ನಾಚಿಕೊಂಡಂತೆ ನಕ್ಕಳು. ಬರೆದು ತೋರಿಸೋಣವೆಂದರೆ ಓದು ಬಾರದು. ಕೈ ತೊಳೆದು ಉಣ್ಣಲು ಕೂತೆ. ಅವಳಿಗೆ ಕಿವಿ ಕೇಳುತ್ತಿದ್ದ ಕಾಲದಲ್ಲಿ ಅಪ್ಪನೂ ಇದ್ದ. ಇದನ್ನೆಲ್ಲ ಕೇಳಿಟ್ಟುಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.