ವಿಭೂತಿಯ ಮೇಲೆ ಮೂಡಿದ ಕೆಂಪು ಗೆರೆ

ಮುನೇಶ್ವರ ಸ್ವಾಮಿಯನ್ನು ನಂಬಿದ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಶೋಭಾಳ ನಮಸ್ಕಾರ. ಒಂದು ಕಡೆ ಕೂತು ಬರೆಯುವ ಹೆಂಗಸು ನಾನಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಒಲೆ ನೋಡಿ ಬಂದೆ. ಆದರೂ ನನ್ನ ಗಂಡನ ಜೀವ ಹೇಗೆ ಉಳಿಯಿತೆಂದು ನಿಮಗೆ ಹೇಳದೆ ನನ್ನ ಮನಸ್ಸು ಸುಮ್ಮನಿರುವುದಿಲ್ಲ.

ದೇವನಹಳ್ಳಿ ಹತ್ತಿರ ಏರ್‌ಪೋರ್ಟ್ ಕಟ್ಟುತ್ತಿದ್ದ ಕಾಲ ಅದು. ಎಲ್ಲಿ ನೋಡಿದರೂ ರಸ್ತೆ ಕೆಲಸ, ಎಲ್ಲಿ ಅಗೆದರೂ ಬಂಡೆ. ನನ್ನ ಯಜಮಾನರು ನಾಗರಾಜು ಎಕ್ಸ್‌ಕವೇಟರ್ ಓಡಿಸುತ್ತಿದ್ದರು. ಬೂದಿಗೆರೆ ಕಡೆಯ ಒಂದು ಕೆಲಸದಲ್ಲಿ ಪಕ್ಕದ ಗಾಡಿ ಬಂಡೆಯನ್ನು ಬಡಿದು ಒಡೆಯುತ್ತಿದ್ದಾಗ, ತೆಂಗಿನಕಾಯಿ ಗಾತ್ರದ ಚೂರೊಂದು ಸಿಡಿದು ಇವರ ಕ್ಯಾಬಿನ್ನಿನ ಗಾಜು ಒಡೆದು ಭುಜಕ್ಕೆ ಬಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂಳೆಗೆ ಪ್ಲೇಟು ಹಾಕಿದರು. ನಾನು ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿ, ಮಡಿಲಲ್ಲಿ ಊಟದ ಕ್ಯಾರಿಯರ್ ಇಟ್ಟುಕೊಂಡು, ಯಲಹಂಕದ ಟ್ರಾಫಿಕ್ಕಿನಲ್ಲಿ ಡ್ರೈವರನ್ನು ಮನಸ್ಸಿನಲ್ಲೇ ಬೈಯುತ್ತಾ ಹೋಗುತ್ತಿದ್ದೆ. ಡಾಕ್ಟರು ಒಂದು ದಿನ, "ಇನ್ನೊಂದು ಗೇಣು ಮೇಲೆ ಬಿದ್ದಿದ್ರೆ ತಲೆಗೇ ಬೀಳ್ತಿತ್ತಮ್ಮ" ಎಂದರು. ಆ ಒಂದು ಗೇಣು ನನ್ನ ನಿದ್ದೆಯನ್ನೆಲ್ಲ ತಿಂದುಹಾಕಿತು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಬಾಶೆಟ್ಟಿಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಕೆಲಸ. ಬಂಡೆಯನ್ನು ಬಡಿಯುವ ಬದಲು ಅಗಿದರೆ ಚೂರು ಸಿಡಿಯುವುದಿಲ್ಲವಲ್ಲ ಎಂಬ ಯೋಚನೆ ತಲೆಗೆ ಹತ್ತಿದ್ದು ಆ ಬಸ್ಸಿನಲ್ಲೇ. ಎಕ್ಸ್‌ಕವೇಟರಿನ ಬಕೆಟ್ ತೆಗೆದು ಅಲ್ಲೊಂದು ಚೌಕಟ್ಟು ಕೂರಿಸುವುದು, ಆ ಚೌಕಟ್ಟಿಗೆ ಬೇಕಾದ ದವಡೆ ಹಾಕುವುದು. ಗಟ್ಟಿ ಬಂಡೆಗೆ ಒಂದು ದವಡೆ, ಒಡೆದ ಕಾಂಕ್ರೀಟಿಗೆ ಇನ್ನೊಂದು. ಪಿನ್ನು ಕಳಚಿದರೆ ಒಂದು ಹೋಗಿ ಇನ್ನೊಂದು ಬರಬೇಕು. ನಮ್ಮ ವರ್ಕ್‌ಶಾಪಿನ ಓನರ್ ರಂಗಸ್ವಾಮಿಯವರು ನನ್ನ ಡ್ರಾಯಿಂಗ್ ನೋಡಿ, "ನಮ್ಮಪ್ಪನ ಹಲ್ಲಿನ ಸೆಟ್ ಥರ ಕಳಚಿ ಹಾಕೋದಾ? ಮಾಡಮ್ಮ, ನೋಡೇಬಿಡೋಣ" ಎಂದು ನಕ್ಕರು. ನಕ್ಕರೂ ಉಕ್ಕು ತರಿಸಿಕೊಟ್ಟರು.

ದವಡೆ ಸಿದ್ಧವಾಗುವ ಹೊತ್ತಿಗೆ ಇವರ ಭುಜವೂ ಕೂಡಿಕೊಂಡಿತ್ತು. ಮೊದಲ ದಿನ ತಾನೇ ಓಡಿಸಬೇಕೆಂದು ಹಟ ಹಿಡಿದರು. "ನೀನು ಬರ್ದಿದ್ದನ್ನ ಬೇರೆಯೋನು ಓಡಿಸ್ಬೇಕೇನೆ? ನಾನೇ ಹತ್ತೋದು" ಎಂದರು.

ಅಲ್ಲಿಂದ ನನಗೆ ಶುರುವಾಯಿತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಲೆಕ್ಕವೆಲ್ಲ ಸರಿಯಿತ್ತು. ದವಡೆಯ ಮೇಲ್ಭಾಗದಲ್ಲಿ ಪಿನ್ನು ತೂರಿಸಲು ಉಕ್ಕಿನ ಎರಡು ದಪ್ಪ ತಟ್ಟೆಗಳಿರುತ್ತವೆ, ನಾವು ಅವನ್ನು ಕಿವಿ ಎನ್ನುತ್ತೇವೆ. ಇಡೀ ಭಾರ ನೇತಾಡುವುದು ಅವುಗಳ ಮೇಲೆ. ಅವುಗಳ ಬೆಸುಗೆಗೆ ಬಣ್ಣದ ಪರೀಕ್ಷೆಯೂ ಆಗಿತ್ತು. ಕೆಂಪು ಬಣ್ಣ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿ ಹೊಡೆದರೆ, ಬಿರುಕಿದ್ದಲ್ಲಿ ಒಳಗೆ ಇಳಿದ ಕೆಂಪು ಆಚೆ ಬಂದು ಗೆರೆಯಾಗಿ ಕಾಣುತ್ತದೆ. ಬೆಸುಗೆ ಮುಗಿದ ದಿನವೇ ಪರೀಕ್ಷೆ ಮಾಡಿದ್ದೆವು, ಏನೂ ಕಂಡಿರಲಿಲ್ಲ. ಹಾಗಿದ್ದರೂ ನನಗೆ ಸಮಾಧಾನವಾಗಲಿಲ್ಲ.

ಕಾರ್ತಿಕ ಸೋಮವಾರ ಟ್ರಯಲ್ ಎಂದು ನಿಗದಿಯಾಯಿತು. ಅಂದು ಬೆಳಕು ಹರಿಯುತ್ತಲೇ ನಮ್ಮೂರು ಮಧುರೆಯ ಹೊಲದ ಬದುವಿನ ಮುನೇಶ್ವರನ ಮುಂದೆ ನಿಂತೆ. "ಸ್ವಾಮಿ, ಇವತ್ತು ಇವರು ಆ ಗಾಡಿ ಓಡಿಸದ ಹಾಗೆ ಮಾಡು. ಅದಾಗದಿದ್ದರೆ ನನಗೆ ಒಂದಿಷ್ಟು ನೆಮ್ಮದಿಯಾದರೂ ಕೊಡು" ಎಂದು ಕೇಳಿಕೊಂಡೆ.

ಎರಡೂ ಸಿಗಲಿಲ್ಲ. ಮಳೆ ಬರಲಿಲ್ಲ. ಯಾವಾಗಲೂ ಕೈಕೊಡುವ ನಮ್ಮ ಬಸ್ಸು ಅಂದು ಹೊತ್ತಿಗೆ ಸರಿಯಾಗಿ ಬಂತು. ದೇವನಹಳ್ಳಿ ರಸ್ತೆಯ ಟ್ರಯಲ್ ಜಾಗಕ್ಕೆ ಹೋದರೆ ದವಡೆಯನ್ನು ಆಗಲೇ ಗಾಡಿಗೆ ಸಿಕ್ಕಿಸಿ ನೆಲಕ್ಕೆ ಊರಿ ನಿಲ್ಲಿಸಿದ್ದರು. ಕೊಳ್ಳುವ ಪಾರ್ಟಿಯವರೂ ಬಂದಿದ್ದರು. ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಮದುಮಗನ ಹಾಗೆ ನಿಂತಿದ್ದರು. ಕಲ್ಲುದೇವರು ಕಲ್ಲಾಗಿಯೇ ಕೂತುಬಿಟ್ಟ ಎಂದು ಮನಸ್ಸಿನಲ್ಲೇ ಬೈದೆ. ನಂಬಿದವಳು ಹಾಗೆ ಬೈದದ್ದು ಅದೇ ಮೊದಲು.

ಪೂಜೆಗೆಂದು ನಮ್ಮತ್ತೆ ಗೌರಮ್ಮನವರು ತಟ್ಟೆ ಹಿಡಿದು ಬಂದಿದ್ದರು. ರಾಹುಕಾಲ ಕಳೆಯಲು ಒಂಬತ್ತಾಗಬೇಕು. "ಅಲಂಕಾರಕ್ಕೇನು ರಾಹುಕಾಲ, ಮಂಗಳಾರತಿಗೆ ಕಾದ್ರೆ ಸಾಕು" ಎಂದು ಶುರುಮಾಡಿದರು. ನೀರಿನಲ್ಲಿ ಕಲಸಿದ ಕುಂಕುಮ ಕಬ್ಬಿಣಕ್ಕೆ ನಿಲ್ಲುವುದಿಲ್ಲವೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದರು. ಸಂತೆಯಲ್ಲಿ ತಂದ ಅಗ್ಗದ ಕುಂಕುಮ, ಮುಟ್ಟಿದರೆ ಬೆರಳೆಲ್ಲ ಕೆಂಪಾಗುವಂಥದು. ದವಡೆಗೆ ಇನ್ನೂ ಪೇಂಟ್ ಹೊಡೆದಿರಲಿಲ್ಲ. ಹಲ್ಲು, ಚೌಕಟ್ಟು, ಎರಡೂ ಕಿವಿ ಎಲ್ಲಕ್ಕೂ ಧಾರಾಳವಾಗಿ ಬಳಿದರು. ನಾನು ಗಾಡಿಯನ್ನು ಸುತ್ತುತ್ತಲೇ ಇದ್ದೆ.

ಬಳಿದು ಮುಗಿಸಿದ ಮೇಲೆ ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ ಮತಿಗಿಷ್ಟು. ಸ್ವಾಮಿ ಹೆಸ್ರಲ್ಲಿ ಮೊದ್ಲು ವಿಭೂತಿ, ಆಮೇಲಲ್ವಾ ಕುಂಕುಮ. ಉಲ್ಟಾ ಮಾಡ್ಬಿಟ್ಟೆ."

"ಇರ್ಲಿ ಬಿಡಿ ಅಮ್ಮ, ಗಾಡಿಗೇನು ಗೊತ್ತಾಗುತ್ತೆ" ಎಂದರು ರಂಗಸ್ವಾಮಿ.

"ಗಾಡಿಗೆ ಗೊತ್ತಾಗ್ದಿದ್ರೆ ದೇವ್ರಿಗೆ ಗೊತ್ತಾಗಲ್ವೇನಪ್ಪ?" ಎಂದವರೇ ಬಟ್ಟೆ ತೆಗೆದುಕೊಂಡು ಎಲ್ಲವನ್ನೂ ತಿಕ್ಕಿ ತಿಕ್ಕಿ ಒರೆಸಿದರು. ಆಮೇಲೆ ನೀರಿನಲ್ಲಿ ಕಲಸಿದ ವಿಭೂತಿಯನ್ನು ಕಿವಿಗಳ ಮೇಲೆ ಮೂರು ಮೂರು ಪಟ್ಟೆಯಾಗಿ ಎಳೆದರು. ಬಿಸಿಲಿಗೆ ಅದು ಒಣಗಿ ಬೆಳ್ಳಗಾಯಿತು.

ಒಂಬತ್ತಾಗುವ ಹೊತ್ತಿಗೆ ಇವರು ಕ್ಯಾಬಿನ್ ಹತ್ತಿ ಎಂಜಿನ್ ಶುರುಮಾಡಿದರು. ನಾನು ಇನ್ನೊಂದು ಸುತ್ತು ಬಂದೆ. ಎಡಗಿವಿಯ ಕೆಳಗಿನ ಪಟ್ಟೆಯ ಮೇಲೆ, ಬೆಸುಗೆಯ ಅಂಚಿನಲ್ಲಿ, ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು. ಅತ್ತೆ ಸರಿಯಾಗಿ ಒರೆಸಿಲ್ಲವೆಂದುಕೊಂಡು ಸೆರಗಿನಲ್ಲಿ ಒರೆಸಿ, ತಟ್ಟೆಯಿಂದ ವಿಭೂತಿ ತೆಗೆದು ಮತ್ತೆ ಹಚ್ಚಿದೆ. ನೋಡುತ್ತಿದ್ದಂತೆಯೇ ಗೆರೆ ಅದೇ ಜಾಗದಲ್ಲಿ ಮತ್ತೆ ಮೂಡಿತು.

ಗಾಡಿಯ ಮುಂದೆ ಹೋಗಿ ಎರಡೂ ಕೈ ಅಡ್ಡ ಹಿಡಿದು ನಿಂತೆ. ಇವರು ಎಂಜಿನ್ ಆರಿಸಿದರು.

"ಏನಮ್ಮಾ ಶೋಭಾ, ಪಾರ್ಟಿ ಮುಂದೆ ಏನಿದು?" ಎಂದು ರಂಗಸ್ವಾಮಿ ಸಿಡುಕಿದರು. ನಾನು ಗೆರೆ ತೋರಿಸಿದೆ. ಅವರು ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ನಾಗರಾಜು, ಇಳಿಯಪ್ಪ" ಎಂದಷ್ಟೇ ಹೇಳಿದರು.

ವರ್ಕ್‌ಶಾಪಿಗೆ ತಂದು ಗ್ರೈಂಡರ್ ಹಿಡಿದು ಕೆರೆದರೆ ಬಿರುಕು ಕಿವಿಯ ಅರ್ಧ ದಪ್ಪ ದಾಟಿತ್ತು. ಗಟ್ಟಿ ಉಕ್ಕಿನ ಬೆಸುಗೆ ಕೆಲವೊಮ್ಮೆ ಆರಿ ತಣ್ಣಗಾದ ಮೇಲೆ, ಒಂದೆರಡು ದಿನ ಬಿಟ್ಟು ಬಿರುಕು ಬಿಡುತ್ತದೆ. ನಮ್ಮ ಪರೀಕ್ಷೆಗೆ ಸಿಕ್ಕದೆ ಆಮೇಲೆ ಹುಟ್ಟಿದ ಬಿರುಕು ಅದು. ದವಡೆಯನ್ನು ಮೇಲೆತ್ತಿ ಒಳಕ್ಕೆ ಮಡಚಿದಾಗ ಆ ಕಿವಿ ಹರಿದಿದ್ದರೆ, ಅಷ್ಟೂ ಕಬ್ಬಿಣ ಇನ್ನೊಂದು ಕಿವಿಯ ಮೇಲೆ ತಿರುಗಿ ಬಂದು ಕ್ಯಾಬಿನ್ನಿಗೇ ಬಡಿಯುತ್ತಿತ್ತು. ಈ ಸಲ ಒಂದು ಗೇಣಿನ ಮಾತೂ ಇರುತ್ತಿರಲಿಲ್ಲ.

ಉಕ್ಕನ್ನು ಕಾಯಿಸಿ ಬೆಸೆದು, ನಿಧಾನವಾಗಿ ಆರಿಸಿ, ದಿನ ಬಿಟ್ಟು ಪರೀಕ್ಷೆ ಮಾಡಿ, ಮತ್ತೊಂದು ಸೋಮವಾರ ಟ್ರಯಲ್ ಮಾಡಿದೆವು. ಇವರೇ ಹತ್ತಿದರು. ದವಡೆ ಬಂಡೆಯನ್ನು ಕಡಲೆ ಅಗಿದ ಹಾಗೆ ಅಗಿಯಿತು. ಒಂದು ಚೂರೂ ಸಿಡಿಯಲಿಲ್ಲ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಇದರಲ್ಲಿ ದೇವರೆಲ್ಲಿ, ಕುಂಕುಮದ ಬಣ್ಣ ಬಿರುಕಿಗೆ ಇಳಿದಿತ್ತು ಅಷ್ಟೇ ಎನ್ನುವವರಿದ್ದಾರೆ. ಅವರಿಗಿಂತ ಚೆನ್ನಾಗಿ ಅದು ನನಗೆ ಗೊತ್ತು, ವರ್ಕ್‌ಶಾಪಿಗೆ ಪರೀಕ್ಷೆಯ ಬಣ್ಣದ ಡಬ್ಬಿ ತರಿಸುವವಳೇ ನಾನು. ಆದರೆ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಅತ್ತೆ ಒಂದು ಪೂಜೆಯಲ್ಲೂ ಕ್ರಮ ತಪ್ಪಿದ್ದನ್ನು ಕಂಡಿಲ್ಲ. ಅಂದೊಂದು ದಿನ ಹೇಗೆ ತಪ್ಪಿತೆಂದು ಕೇಳಿದೆ.

ಅತ್ತೆ ಅವರೆಕಾಯಿ ಸುಲಿಯುತ್ತಾ ತಲೆಯೆತ್ತದೆ ಹೇಳಿದರು. "ನೀನು ಗಾಡಿ ಸುತ್ತ ಸುತ್ತುತ್ತಾನೇ ಇದ್ಯಲ್ಲ, ಇವ್ಳಿಗೇನಾಯ್ತಪ್ಪಾ ಅಂತ ನಿನ್ನೇ ನೋಡ್ತಿದ್ದೆ ಕಣೇ. ಅದ್ರಲ್ಲಿ ಮರ್ತೋಯ್ತು."

ನೆಮ್ಮದಿ ಕೊಡು ಎಂದು ನಾನು ಬೇಡಿಕೊಂಡಾಗ ಸ್ವಾಮಿ ಯಾಕೆ ಕೊಡಲಿಲ್ಲವೆಂದು ಆಗ ತಿಳಿಯಿತು. ಈಗಲೂ ಸೋಮವಾರ ಬೆಳಿಗ್ಗೆ ಅವನ ಮುಂದೆ ಹೋಗಿ ನಿಲ್ಲುತ್ತೇನೆ. ಮಕ್ಕಳಿಗೆ ವಿದ್ಯೆ ಕೇಳುತ್ತೇನೆ, ಇವರ ಭುಜದ ನೋವು ಕಮ್ಮಿಯಾಗಲಿ ಎಂದು ಕೇಳುತ್ತೇನೆ. ನೆಮ್ಮದಿಯನ್ನು ಮಾತ್ರ ಕೇಳುವುದಿಲ್ಲ.